ಪಂಡಿತಾ ರಮಾಬಾಯಿ: ದೇವರ ಮುಂದೆ ತಗ್ಗಿದವರು, ಕೇಡಿನ ಎದುರು ನಿಂತವರು

ಕಲಬುರಗಿಯಿಂದ ಬೈಕ್ ಮೇಲೆ, ಬಸ್ಸಿನಲ್ಲಿ ಕಮಲಾಪುರದವರೆಗೂ ಬಂದ ಯೌವನಸ್ಥರಿಗೆ ಸ್ವಾಗತ. ಹಿಂದೆ ಕೂತವರು ಮುಂದೆ ಬರ್ರಿ, ಜಾಗ ಅದ.

ಈಗ ಓದಿದ ಭಾಗ ಯಾಕೋಬನ ಪತ್ರಿಕೆ ನಾಲ್ಕನೇ ಅಧ್ಯಾಯ, ಆರು ಮತ್ತು ಏಳನೇ ವಚನ. ಬೈಬಲ್ ಮುಚ್ಚಬೇಡ್ರಿ, ಬೆರಳು ಅಲ್ಲೇ ಇರಲಿ. ಅಲ್ಲಿ ಯಾಕೋಬ ಎರಡು ವಿಷಯ ಹೇಳ್ತಾನೆ. ಒಂದು, ದೇವರ ಮುಂದೆ ತಗ್ಗೋದು. ಇನ್ನೊಂದು, ಸೈತಾನನ ಎದುರು ನಿಲ್ಲೋದು. ನಮ್ಮ ಸಭೆಗಳಲ್ಲಿ ಎರಡನೆಯದಕ್ಕೆ ಬಹಳ ಉತ್ಸಾಹ. ಕೈ ಎತ್ತಿ, ಧ್ವನಿ ಎತ್ತಿ ಸೈತಾನನನ್ನು ಗದರಿಸ್ತೀವಿ. ಒಳ್ಳೇದು. ಆದರೆ ಯಾಕೋಬ ಬರೆದ ಕ್ರಮ ನೋಡ್ರಿ. ತಗ್ಗೋದು ಮೊದಲು ಬರ್ತದ, ನಿಲ್ಲೋದು ಆಮೇಲೆ. ಇವು ಎರಡು ಬೇರೆ ಬೇರೆ ಗುಣ ಅಲ್ಲ, ಒಂದೇ ಅಂತ ನನಗೆ ಅರ್ಥ ಮಾಡಿಸಿದ್ದು ಒಬ್ಬ ಸಹೋದರಿಯ ಜೀವನ. ಆಕೆ ತೀರಿಕೊಂಡು ನೂರು ವರ್ಷಕ್ಕಿಂತ ಹೆಚ್ಚಾಯಿತು. ಇವತ್ತು ವಚನ ವಚನ ಬಿಡಿಸೋದಿಲ್ಲ, ಆ ಜೀವನವನ್ನೇ ಹೇಳ್ತೀನಿ.

ಪಂಡಿತಾ ರಮಾಬಾಯಿ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದೋರು ಈ ಹೆಸರು ಕೇಳಿರ್ತೀರಿ. ಆರ್ಯ ಮಹಿಳಾ ಸಮಾಜ, ಪುಣೆ, 1882. ಒಂದು ಮಾರ್ಕಿನ ಪ್ರಶ್ನೆ. ಆ ಒಂದು ಮಾರ್ಕಿನ ಆಚೆ ಆಕೆ ಯಾರು ಅಂತ ನಮ್ಮ ಪುಸ್ತಕಗಳು ಹೆಚ್ಚು ಹೇಳೋದಿಲ್ಲ. ಆಕೆ ಕರ್ನಾಟಕದ ಮಣ್ಣಲ್ಲಿ ಹುಟ್ಟಿದವರು ಅನ್ನೋದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತದ?

1858ರ ಏಪ್ರಿಲ್ 23. ಪಶ್ಚಿಮ ಘಟ್ಟದ ಗಂಗಾಮೂಲ, ತುಂಗಾ ಭದ್ರಾ ಹುಟ್ಟುವ ಕಾಡು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ದೊಡ್ಡ ಸಂಸ್ಕೃತ ವಿದ್ವಾಂಸ. ಆ ಕಾಲದಲ್ಲಿ ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅಂತಿದ್ದಾಗ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಊರಿನವರ ವಿರೋಧ ಎದುರಿಸಿದರು, ಕಾಡಿನಲ್ಲಿ ಮನೆ ಮಾಡಿಕೊಂಡರು. ಆ ತಾಯಿ ಮಗಳಿಗೆ ಕಲಿಸಿದಳು. ಆ ತಂದೆಯ ಬಗ್ಗೆ ನನಗೆ ಗೌರವ ಅದ, ಅದನ್ನು ಮುಚ್ಚಿಡೋದಿಲ್ಲ. ರಮಾಬಾಯಿ ಕೈಗೂಸು ಇದ್ದಾಗಲೇ ಕುಟುಂಬ ಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ತಲೆ ಮೇಲೆ ಹೊತ್ತುಕೊಂಡು ಘಟ್ಟ ಇಳಿದರು. ಅಲ್ಲಿಂದ ಊರಿಂದ ಊರಿಗೆ, ದೇವಸ್ಥಾನದಿಂದ ದೇವಸ್ಥಾನಕ್ಕೆ ಪುರಾಣ ಓದುತ್ತಾ ತಿರುಗಿದರು. ಹುಡುಗಿ ಬೆಳೆಯೋ ಹೊತ್ತಿಗೆ ಭಾಗವತದ ಸಾವಿರಾರು ಶ್ಲೋಕ ಬಾಯಲ್ಲಿ. ಮರಾಠಿ, ಸಂಸ್ಕೃತ, ಕನ್ನಡ, ಹಿಂದಿ, ಆಮೇಲೆ ಬಂಗಾಳಿ.

ಆಮೇಲೆ ಬರ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ ಕೈಯಲ್ಲಿದ್ದ ಹಣ ಖಾಲಿ, ಒಡವೆ ಖಾಲಿ, ಪಾತ್ರೆ ಪಗಡ ಖಾಲಿ. ಎಲೆ, ಕಾಡು ಹಣ್ಣು ತಿಂದರು. 1874ರಲ್ಲಿ ತಂದೆ ಹೋದರು. ಉಳಿದವರು ನಡೆದು ನಡೆದು ಎಲ್ಲಿಗೆ ಬಂದರು ಗೊತ್ತೇನು? ನಮ್ಮ ರಾಯಚೂರಿಗೆ. ಆಗ ಅದೂ ನಿಜಾಮನ ರಾಜ್ಯ, ನಮ್ಮ ಗುಲ್ಬರ್ಗದ ಹಾಗೇ. ಅಲ್ಲಿ ತಾಯಿ ಜ್ವರದಲ್ಲಿ ಮಲಗಿದರು, ತಿನ್ನಲಿಕ್ಕೆ ಏನಾದರೂ ಕೇಳಿದರು. ಹದಿನಾರು ವರ್ಷದ ಹುಡುಗಿ ಪಕ್ಕದ ಮನೆಯ ಹೆಂಗಸಿನ ಮುಂದೆ ಹೋಗಿ ನಿಂತಳು. ಸಾವಿರಾರು ಶ್ಲೋಕ ಹೇಳೋ ನಾಲಿಗೆಗೆ ಒಂದು ತುಂಡು ರೊಟ್ಟಿ ಕೇಳಲಿಕ್ಕೆ ಬರಲಿಲ್ಲ. ಕಣ್ಣೀರು ಬಂತು, ಮಾತು ಬರಲಿಲ್ಲ. ಆ ತಾಯಿ ಮುಖ ನೋಡಿ ಅರ್ಥ ಮಾಡಿಕೊಂಡು ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ತಂದು ಕೊಟ್ಟಾಗ ತಾಯಿಗೆ ಅದನ್ನು ನುಂಗೋ ಶಕ್ತಿ ಉಳಿದಿರಲಿಲ್ಲ. ಹೆಣ ಹೊರಲಿಕ್ಕೆ ಇಬ್ಬರೇ ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಎತ್ತರ ಕಡಿಮೆ, ಹೆಗಲಿಗೆ ನಿಲುಕೋದಿಲ್ಲ, ಅದಕ್ಕೆ ಚಟ್ಟವನ್ನು ತಲೆ ಮೇಲೆ ಹೊತ್ತಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕಂದ್ರೆ ಮುಂದೆ ದೊಡ್ಡವರಾದ ಮೇಲೆ ರಮಾಬಾಯಿ ಈ ದಿನಗಳ ಬಗ್ಗೆ ಬರೆದಾಗ ಬರವನ್ನು ಮಾತ್ರ ದೂರಲಿಲ್ಲ. ನಮಗೆ ಕೂಲಿ ಕೆಲಸ ಮಾಡಲಿಕ್ಕೆ ಬರ್ತಿರಲಿಲ್ಲ, ಕಲಿಯಲಿಕ್ಕೂ ಮನಸ್ಸು ಬಗ್ಗಲಿಲ್ಲ, ಜಾತಿಯ ಮತ್ತು ವಿದ್ಯೆಯ ಹೆಮ್ಮೆ ಅಡ್ಡ ಬಂತು, ಬಗ್ಗಿದ್ದರೆ ಅಪ್ಪ ಅಮ್ಮ ಬದುಕ್ತಿದ್ದರೇನೋ ಅನ್ನೋ ಅರ್ಥದಲ್ಲಿ ಬರೆದುಕೊಂಡಿದ್ದಾರೆ. ಹೆಮ್ಮೆ ಬಗ್ಗೆ ಪ್ರಸಂಗಗಳನ್ನು ನಾನು ಬಹಳ ಕೇಳೀನಿ. ಹೆಮ್ಮೆ ಅಂದ್ರೆ ಜೋರು ಮಾತಾಡೋದು, ಮೆರೆಯೋದು ಅಂತ ತಿಳಿದಿದ್ದೆ. ರಾಯಚೂರಿನ ಆ ಹುಡುಗಿ ಮೆರೀತಿರಲಿಲ್ಲ, ಹಸಿದಿದ್ದಳು. ಹಸಿದ ಹೊಟ್ಟೆಯಲ್ಲೂ ಹೆಮ್ಮೆ ಕೂತಿರಬಹುದು. ಇದು ಒಂದು ಜಾತಿಯ ಮಾತಲ್ಲ, ತಿಳೀರಿ. ಬಿ.ಇ. ಮುಗಿಸಿ ಮೂರು ವರ್ಷ ಆಯಿತು, ಮನೆಯಲ್ಲಿ ಅವ್ವ ಒಬ್ಬಳೇ ದುಡೀತಾಳೆ, ಆದರೂ ಆ ಅಂಗಡಿ ಕೆಲಸ ನನ್ನ ಲೆವೆಲ್ ಅಲ್ಲ ಅಂತ ಕೂತ ಹುಡುಗರು ಪ್ರತಿ ಸಭೆಯಲ್ಲೂ ಇದ್ದಾರೆ. ಸೈತಾನ ಅಲ್ಲಿ ಕೂಗಾಡೋದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ನಿನ್ನ ಗೌರವ ಏನಾಗಬೇಕು ಅಂತ ಕೇಳ್ತಾನ, ಅಷ್ಟೇ.

ಅಕ್ಕನೂ ತೀರಿಕೊಂಡಳು. ಅಣ್ಣ ತಂಗಿ ಇಬ್ಬರೇ ಸಾವಿರಾರು ಮೈಲಿ ಬರಿಗಾಲಲ್ಲಿ ನಡೆದರು. ಉತ್ತರದಲ್ಲಿ ಝೇಲಂ ನದಿಯ ದಂಡೆಯಲ್ಲಿ ಚಳಿ ತಾಳಲಾರದೆ ಮರಳಿನಲ್ಲಿ ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು ಮಲಗಿದರಂತೆ. 1878ರಲ್ಲಿ ಕಲ್ಕತ್ತ ಮುಟ್ಟಿದರು. ಅಲ್ಲಿ ಎಲ್ಲ ತಿರುಗಿತು. ಇಪ್ಪತ್ತು ವರ್ಷದ ಹುಡುಗಿ ಸಂಸ್ಕೃತದಲ್ಲಿ ಮಾತಾಡೋದು ಕೇಳಿ ವಿದ್ವಾಂಸರು ಬೆರಗಾದರು. ಪರೀಕ್ಷೆ ಮಾಡಿ ಪಂಡಿತಾ ಅಂತ, ಸರಸ್ವತಿ ಅಂತ ಬಿರುದು ಕೊಟ್ಟರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ರಾತ್ರೋರಾತ್ರಿ ವೈರಲ್.

ಮುಂದಿನ ನಾಲ್ಕು ವರ್ಷ ಬೇಗ ಹೇಳ್ತೀನಿ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಅವರ ಜೊತೆ ಮದುವೆ. 1881ರಲ್ಲಿ ಮಗಳು ಮನೋರಮಾ. 1882ರಲ್ಲಿ ಗಂಡ ಕಾಲರಾದಿಂದ ಹೋದರು. ಇಪ್ಪತ್ತಮೂರರಲ್ಲಿ ವಿಧವೆ, ಕೈಯಲ್ಲಿ ಹತ್ತು ತಿಂಗಳ ಕೂಸು. ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಶುರು ಮಾಡಿದರು, ಹೆಣ್ಣುಮಕ್ಕಳಿಗೆ ಹೆಣ್ಣು ಡಾಕ್ಟರು ಬೇಕು, ಹೆಣ್ಣು ಟೀಚರು ಬೇಕು ಅಂತ ಹಂಟರ್ ಆಯೋಗದ ಮುಂದೆ ಸಾಕ್ಷಿ ಕೊಟ್ಟರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಅನ್ನೋ ಊರಿನ ಆಂಗ್ಲಿಕನ್ ಸಹೋದರಿಯರ ಆಶ್ರಮದಲ್ಲಿದ್ದು, ಆ ವರ್ಷದ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ತಗೊಂಡರು.

ಈಗ ನೀವು ಅಂದುಕೊಳ್ತೀರಿ: ಕ್ರೈಸ್ತಳಾದಳು, ಇನ್ನು ದೀನಳಾಗಿ ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂ ಅಂದಳು. ಇಲ್ರಿ. ಜಗಳ ಅಲ್ಲಿಂದಲೇ ಶುರು. ಆಕೆಗೆ ಕೊಡಬೇಕಂತಿದ್ದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಇತ್ತು. ಲ್ಯಾಟಿನ್ ಯಾಕೆ, ಸಂಸ್ಕೃತದಲ್ಲಿ ಬರೆದರೆ ಏನಾಗ್ತದ ಅಂತ ಕೇಳಿದರು. ಕಾಲೇಜಿನಲ್ಲಿ ಗಂಡು ಹುಡುಗರಿಗೆ ಪಾಠ ಹೇಳಬಾರದು ಅಂತ ಬಿಷಪ್ಪರು ತಡೆದಾಗ ಅದನ್ನೂ ಸುಮ್ಮನೆ ಒಪ್ಪಲಿಲ್ಲ. ನಂಬಬೇಕಾದ ಉಪದೇಶ ವಾಕ್ಯದಲ್ಲಿ ಎಲ್ಲಿದೆ ತೋರಿಸಿ ಅಂದರು. ಆ ಸಹೋದರಿಯರು ಆಕೆಯನ್ನು ನಿಜವಾಗಿ ಪ್ರೀತಿಸಿದವರು, ಆದರೆ ಅವರ ಪತ್ರಗಳಲ್ಲಿ ಆಕೆಯ ಹೆಮ್ಮೆ ಬಗ್ಗೆ, ಹಟದ ಬಗ್ಗೆ ಕೊರಗು ಅದ. ನನಗೆ ಹಾಗೆ ಕಾಣೋದಿಲ್ಲ. ರಾಯಚೂರಿನಲ್ಲಿ ಇದ್ದದ್ದು ಹೆಮ್ಮೆ. ವಾಂಟೇಜಿನಲ್ಲಿ ಇದ್ದದ್ದು ಬೇರೆ. ಅಲ್ಲಿ ಆಕೆ ತನ್ನ ಗೌರವಕ್ಕೆ ಕಾದಾಡಲಿಲ್ಲ, ದೇವರ ವಾಕ್ಯಕ್ಕೆ ತಲೆ ಬಗ್ಗಿಸಿದವಳು ಅದೇ ತಲೆಯನ್ನು ಮನುಷ್ಯರ ಅಧಿಕಾರಕ್ಕೆ ಒಪ್ಪಿಸಲಿಕ್ಕೆ ಆಗೋದಿಲ್ಲ ಅಂದಳು.

ತಂಗ್ಯಾರೇ, ಇದನ್ನು ವಿಶೇಷವಾಗಿ ನಿಮಗೆ ಹೇಳ್ತೀನಿ. ದೀನತೆ ಅನ್ನೋ ಪದವನ್ನು ತಗೊಂಡು ನಿಮ್ಮ ಬಾಯಿ ಮುಚ್ಚಿಸೋರು ಬರ್ತಾರ. ಆಫೀಸಿನಲ್ಲಿ ಬರ್ತಾರ, ಮನೆಯಲ್ಲಿ ಬರ್ತಾರ, ಸಭೆಯಲ್ಲೂ ಬರ್ತಾರ. ತಪ್ಪು ನಡೆದದ್ದನ್ನು ಹೇಳಿದ್ರೆ ಅಭಿಷಿಕ್ತರ ಮೇಲೆ ಮಾತಾಡಿದಂಗ ಆಯ್ತು ಅಂತಾರ. ಹಾಗೆ ಹೇಳೋನು ನಾನೇ ಆದರೂ ಕೇಳಬೇಡ್ರಿ. ಯಾಕೋಬ ಒಳಗಾಗಬೇಕು ಅಂದದ್ದು ದೇವರಿಗೆ.

1889ರಲ್ಲಿ ಇಂಡಿಯಾಕ್ಕೆ ವಾಪಸ್. ಮುಂಬಯಿಯಲ್ಲಿ ಶಾರದಾ ಸದನ ತೆರೆದರು, ಮರುವರ್ಷ ಪುಣೆಗೆ ತಂದರು. ಗಂಡ ಸತ್ತ ಎಳೆ ಹುಡುಗಿಯರಿಗೆ ಊಟ, ಓದು, ಮರ್ಯಾದೆ. ಅಲ್ಲಿ ಧರ್ಮದ ಒತ್ತಾಯ ಇರೋದಿಲ್ಲ ಅಂತ ಮಾತಾಗಿತ್ತು. ರಮಾಬಾಯಿ ತಾವು ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ, ಹುಡುಗಿಯರು ಬಂದು ಕೂತರು. 1893ರಲ್ಲಿ ದೊಡ್ಡ ಗದ್ದಲ. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅಂಥ ಹಿರಿಯರು ರಾಜೀನಾಮೆ ಕೊಟ್ಟರು, ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದೊಯ್ದರು. ನಂಬಿ ಮಕ್ಕಳನ್ನು ಕಳಿಸಿದ ತಂದೆ ತಾಯಿಗಳ ಸಿಟ್ಟನ್ನು ನಾನು ಸುಳ್ಳು ಅನ್ನೋದಿಲ್ಲ. ಒಂದು ದೊಡ್ಡ ಕೆಲಸ ಅರ್ಧ ಖಾಲಿಯಾದಾಗ ಆಕೆ ಏನು ಮಾಡಿದರು ಅನ್ನೋದು ನೋಡ್ರಿ. ಉಳಿದವರಿಗೆ ಅಡುಗೆ ಮಾಡಿದರು, ಪಾಠ ಮುಂದುವರಿಸಿದರು.

ಈ ವರ್ಷಗಳ ನಡುವೆಯೇ, 1891ರ ಹೊತ್ತಿಗೆ, ಆಕೆಗೆ ಒಂದು ವಿಷಯ ಹೊಳೆಯಿತು. ದೀಕ್ಷಾಸ್ನಾನ ಆಗಿ ಎಂಟು ವರ್ಷ. ಪುಸ್ತಕ ಬರೆದಾಯಿತು, ಅಮೆರಿಕದಲ್ಲಿ ಊರೂರು ಭಾಷಣ ಆಯಿತು. ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಸಿಕ್ಕಿಲ್ಲ ಅಂತ ಆಗ ಗೊತ್ತಾಯಿತು. ಹೆಸರಾಂತ ಕ್ರೈಸ್ತಳು ಅಂತ ಲೋಕ ಹೇಳ್ತಿರುವಾಗ ತಾನು ಇನ್ನೂ ಬಾಗಿಲಲ್ಲೇ ನಿಂತ ಪಾಪಿ ಅಂತ ಒಪ್ಪಿಕೊಂಡು ಮೊಣಕಾಲೂರಿದರು. ಪಾಸ್ಟರ್ ಮಕ್ಕಳೇ, ಕ್ವಾಯರ್‌ನವರೇ, ಸಂಡೇ ಸ್ಕೂಲ್ ಟೀಚರ್‌ಗಳೇ, ಈ ಮಾತು ಹೊರಗಿನವರಿಗಲ್ಲ.

ಅಲ್ಲಿಂದ ಆಕೆಯ ಧೈರ್ಯ ನೋಡ್ರಿ. 1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ. ಇಪ್ಪತ್ತೆರಡು ವರ್ಷದ ಹಿಂದೆ ಹಸಿದ ಹುಡುಗಿ ಈಗ ತಾನೇ ಹೊರಟಳು. ಬರದ ಕ್ಯಾಂಪುಗಳಲ್ಲಿ ದಿಕ್ಕಿಲ್ಲದ ಹುಡುಗಿಯರನ್ನು ಹಿಡಿದು ಮಾರುವವರಿದ್ದರು, ಕಾವಲು ಇರಬೇಕಾದವರೇ ಕೆಡಿಸುವವರಿದ್ದರು. ರಮಾಬಾಯಿ ಆ ದಲ್ಲಾಳಿಗಳಿಗಿಂತ ಮುಂಚೆ ಹುಡುಗಿಯರನ್ನು ಮುಟ್ಟಬೇಕಿತ್ತು. ಸುಮಾರು 300 ಜನರನ್ನು ಕರೆತಂದರು. ಸೈತಾನನನ್ನು ಎದುರಿಸೋದು ಅಂದ್ರೆ ಆಕೆಗೆ ಹೀಗಿತ್ತು: ರೈಲು ಹತ್ತೋದು, ಹೇನು ತುಂಬಿದ ತಲೆ ತೊಳೆಯೋದು, ಗಂಜಿ ಕುಡಿಸೋದು. ಅಷ್ಟರಲ್ಲಿ ಪುಣೆಗೆ ಪ್ಲೇಗ್ ಬಂತು. ಪ್ಲೇಗ್ ಕ್ಯಾಂಪಿನಲ್ಲಿ ತನ್ನ ಹುಡುಗಿಯೊಬ್ಬಳಿಗೆ ಅನ್ಯಾಯ ಆಯಿತು ಅಂತ 1897ರಲ್ಲಿ ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಬ್ರಿಟಿಷ್ ಸರ್ಕಾರದ ಮೇಲೆಯೇ. ಸರ್ಕಾರ ಅಲ್ಲಗಳೆಯಿತು. ಇತ್ತ ನಮ್ಮವರು ಬ್ರಿಟಿಷರ ಧರ್ಮಕ್ಕೆ ಸೇರಿದವಳು ಅಂತಾರ, ಅತ್ತ ಬ್ರಿಟಿಷರು ಈಕೆ ತಲೆನೋವು ಅಂತಾರ. ಹೀಗೆ ಎರಡೂ ಕಡೆಯಿಂದ ಬೈಸಿಕೊಂಡರೂ ಆಕೆ ಆ ಹುಡುಗಿಯ ಪರವಾಗಿ ನಿಂತರು.

ಪುಣೆಯಿಂದ ಕೇಡಗಾಂವ್‌ಗೆ ಹುಡುಗಿಯರನ್ನು ಸಾಗಿಸಿದರು. ನಿಮ್ಮಲ್ಲಿ ಪುಣೆಯಲ್ಲಿ ಕೆಲಸ ಮಾಡೋರು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗ್ತೀರಲ್ಲ, ಸೊಲ್ಲಾಪುರ ಆಯಿತು, ದೌಂಡ್ ಆಯಿತು, ಆಮೇಲೆ ಪುಣೆಗೆ ಮುಂಚೆ ಒಂದು ಸಣ್ಣ ಸ್ಟೇಷನ್ ಬರ್ತದ. ಅದೇ. ನಿದ್ದೆಯಲ್ಲಿ ದಾಟಿ ಹೋಗಿರ್ತೀರಿ. ಅಲ್ಲಿ ಬರಡು ಹೊಲದಲ್ಲಿ ಮುಕ್ತಿ ಮಿಷನ್ ಎದ್ದಿತು. 1900ರ ಗುಜರಾತ್ ಬರದ ನಂತರ ಅಲ್ಲಿ ಸುಮಾರು 2000 ಜನ. ಕುರುಡರಿಗೆ ಜಾಗ, ಮುದುಕಿಯರಿಗೆ ಜಾಗ, ಊರು ಕೈಬಿಟ್ಟ ಹೆಂಗಸರಿಗೆ ಕೃಪಾ ಸದನ. ಮತ್ತೆ ಅಲ್ಲಿ ಪ್ರತಿ ಹುಡುಗಿ ಕೈಕೆಲಸ ಕಲಿಯಬೇಕು. ನೇಯ್ಗೆ, ಎಣ್ಣೆ ತೆಗೆಯೋದು, ಹೊಲ, ಹೈನು, ಅಚ್ಚುಕೂಟ. ರಾಯಚೂರಿನಲ್ಲಿ ಅಮ್ಮನನ್ನು ಕಳೆದುಕೊಂಡವಳು ಇದನ್ನು ಮರೆಯೋದು ಹೇಗೆ?

ಈಗ ನಮ್ಮ ಪೆಂತೆಕೊಸ್ತ ಸಭೆಗಳಿಗೆ ಬಹಳ ಹತ್ತಿರದ ವಿಷಯಕ್ಕೆ ಬರ್ತೀನಿ. ಪೆಂತೆಕೊಸ್ತ ಅಂದ್ರೆ ಅಮೆರಿಕದ ಅಜೂಸಾ ಬೀದಿ, 1906 ಅಂತ ನಾವು ಬೈಬಲ್ ಕಾಲೇಜಿನಲ್ಲಿ ಓದ್ತೀವಿ. ಮುಕ್ತಿಯಲ್ಲಿ ಪವಿತ್ರಾತ್ಮನ ಸುರಿಸುವಿಕೆ ಆದದ್ದು 1905ರ ಜೂನ್‌ನಲ್ಲಿ, ಅಜೂಸಾಕ್ಕಿಂತ ಮುಂಚೆ. ಜನವರಿಯಲ್ಲಿ ರಮಾಬಾಯಿ ಪ್ರಾರ್ಥನೆಗೆ ಯಾರು ಬರ್ತೀರಿ ಅಂತ ಕೇಳಿದಾಗ ಸುಮಾರು 70 ಜನ ಬಂದರು. ಜೂನ್ ಹೊತ್ತಿಗೆ 500ಕ್ಕಿಂತ ಹೆಚ್ಚು, ದಿನಕ್ಕೆ ಎರಡು ಸಲ. ಜೂನ್ 29ರ ಬೆಳಗಿನ ಜಾವ ಒಬ್ಬ ಹುಡುಗಿಯ ಮೇಲೆ ಆತ್ಮನು ಬಂದಾಗ, ಬೆಂಕಿ ಕಂಡಿತು ಅಂತ ಜೊತೆಯಲ್ಲಿದ್ದವಳು ನೀರಿನ ಬಕೆಟ್ ತರಲಿಕ್ಕೆ ಓಡಿದಳು. ತಂದು ಸುರಿಯಬೇಕು ಅನ್ನೋವಾಗ ಇದು ಸುಡೋ ಬೆಂಕಿ ಅಲ್ಲ ಅಂತ ಗೊತ್ತಾಯಿತು. (ಇದನ್ನು ಹೇಳುವಾಗೆಲ್ಲ ನನಗೆ ನಗು ಬರ್ತದ, ಅಳುವೂ ಬರ್ತದ.) ಮರುದಿನ ಸಂಜೆ ರಮಾಬಾಯಿ ಯೋಹಾನನ ಸುವಾರ್ತೆ ಎಂಟನೇ ಅಧ್ಯಾಯ ತಮ್ಮ ಶಾಂತ ರೀತಿಯಲ್ಲಿ ವಿವರಿಸ್ತಿದ್ದರು. ಹುಡುಗಿಯರು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು.

ಆ ಕಾಲದ ದೊಡ್ಡ ಪಂಡಿತೆ ಮಾತು ನಿಲ್ಲಿಸಿದರು. ನಾನು ಪ್ರಸಂಗ ಮಾಡೋನು, ಅದಕ್ಕೇ ಹೇಳ್ತೀನಿ, ಇದು ಸಣ್ಣ ವಿಷಯ ಅಲ್ಲ. ಬರದಲ್ಲಿ ಎತ್ತಿಕೊಂಡು ಬಂದ, ತಾನೇ ಅಕ್ಷರ ಕಲಿಸಿದ ಹುಡುಗಿಯರು ಪ್ರಾರ್ಥನೆ ಮಾಡುವಾಗ ಸರಸ್ವತಿ ಬಿರುದಿನವಳು ಸುಮ್ಮನಾದಳು. ಆ ಹುಡುಗಿಯರು ಪಾಪ ಅರಿಕೆ ಮಾಡಿಕೊಂಡರು, ಗುಂಪು ಗುಂಪಾಗಿ ಸುತ್ತಲಿನ ಹಳ್ಳಿಗಳಿಗೆ ಹೋದರು. ಅಲ್ಲಿದ್ದ ಮಿನ್ನಿ ಅಬ್ರಮ್ಸ್ ಎಂಬ ಮಿಷನರಿ ಇದನ್ನು ಸಣ್ಣ ಪುಸ್ತಕ ಮಾಡಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿದ್ದ ಗೆಳತಿಗೆ ಕಳಿಸಿದರು. 1909ರಲ್ಲಿ ಅಲ್ಲಿ ಉಜ್ಜೀವನ ಆಯಿತು. ಪ್ರಿಯರೇ, ಕೇಡಗಾಂವ್‌ನಲ್ಲಿ ಕ್ಯಾಮೆರಾ ಇರಲಿಲ್ಲ, ರೀಲ್ಸ್ ಇರಲಿಲ್ಲ.

ನಮ್ಮ ಊರಿನ ಮಾತೂ ಒಂದದ. 1912ರಲ್ಲಿ ರಮಾಬಾಯಿ ನಮ್ಮ ಗುಲ್ಬರ್ಗದಲ್ಲಿ ಕ್ರಿಶ್ಚಿಯನ್ ಹೈಸ್ಕೂಲ್ ಶುರು ಮಾಡಿಸಿದರು. ಪ್ರಿನ್ಸಿಪಾಲ್ ಯಾರು? ಮಗಳು ಮನೋರಮಾ. ಇಂಗ್ಲೆಂಡ್ ಅಮೆರಿಕದಲ್ಲಿ ಓದಿದ ಮಗಳು, ಇರೋದು ಒಬ್ಬಳೇ. ಅವಳನ್ನು ಹಿಂದುಳಿದ ನಮ್ಮ ಸೀಮೆಗೆ ಕಳಿಸಿದರು. ತಾಯಿಯ ಹೆಣ ತಲೆ ಮೇಲೆ ಹೊತ್ತದ್ದು ಇದೇ ನಿಜಾಮನ ರಾಜ್ಯದಲ್ಲಿ. ಹೈದರಾಬಾದ್ ಕರ್ನಾಟಕದವರು, ಹಿಂದುಳಿದವರು ಅಂತ ಬೆಂಗಳೂರಿನಲ್ಲಿ ಯಾರಾದರೂ ಅಂದಾಗ ಮುಖ ಸಣ್ಣದು ಮಾಡಿಕೊಳ್ತೀರಲ್ಲ, ಅವತ್ತು ಇದನ್ನು ನೆನಪು ಮಾಡಿಕೊಳ್ರಿ.

ಇನ್ನು ಕಡೆಯ ಕೆಲಸ. ಮರಾಠಿಯಲ್ಲಿ ಬೈಬಲ್ ಆಗಲೇ ಇತ್ತು, ಆದರೆ ಅದರ ಭಾಷೆ ಓದು ಬಾರದ ಹಳ್ಳಿ ಹೆಂಗಸಿಗೆ ಮುಟ್ಟೋದಿಲ್ಲ ಅಂತ ಆಕೆಗೆ ಅನಿಸಿತು. ನಲವತ್ತು ದಾಟಿದ ಮೇಲೆ ಇಬ್ರಿಯ, ಗ್ರೀಕ್ ಕಲಿತರು. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಕೂತು ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. ನಾಲಿಗೆ ತುದಿಯಲ್ಲಿ ಸಂಸ್ಕೃತ ಇಟ್ಟುಕೊಂಡವರು ದೊಡ್ಡ ಪದ ಬಂದಾಗೆಲ್ಲ ಅದನ್ನು ಬಿಟ್ಟು ಸಣ್ಣ ಪದ ಹುಡುಕಿದರು. ಯೋಚನೆ ಮಾಡ್ರಿ, ದಿನಕ್ಕೆ ಎಷ್ಟು ಸಲ ತನ್ನ ವಿದ್ಯೆಯನ್ನು ಪಕ್ಕಕ್ಕೆ ಇಡಬೇಕಾಗಿತ್ತು. ನಮಗೆ ನಾಲ್ಕು ಇಂಗ್ಲಿಷ್ ಪದ ಬಂದರೆ ಪ್ರಾರ್ಥನೆಯಲ್ಲೂ ಅದನ್ನು ತೋರಿಸ್ತೀವಿ. ಮೊಳೆ ಜೋಡಿಸಿದ್ದು, ಅಚ್ಚು ಹಾಕಿದ್ದು ಮುಕ್ತಿಯ ಹೆಂಗಸರೇ.

1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ನಲವತ್ತು ವರ್ಷ. ತನ್ನ ನಂತರ ಮುಕ್ತಿಯನ್ನು ನೋಡಿಕೊಳ್ಳಲಿ ಅಂತ ಆರಿಸಿದ್ದ ಮಗಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಯೋಬನ ಪುಸ್ತಕ ಓದಿದ್ದೀರಿ, ನಾನು ಹೆಚ್ಚು ಹೇಳಬೇಕಾಗಿಲ್ಲ. ಆಕೆಗೆ ಕಿವಿ ಕೇಳಿಸೋದು ಆಗಲೇ ಕಡಿಮೆಯಾಗಿತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ. ಕರಡು ತಿದ್ದೋದು ಇನ್ನೂ ಉಳಿದಿತ್ತು, ಮತ್ತೆ ಕೂತರು. ಕೆಲಸ ಮುಗಿಯೋವರೆಗೆ ಇನ್ನು ಹತ್ತು ದಿನ ಕೊಡು ಅಂತ ದೇವರನ್ನು ಬೇಡಿಕೊಂಡರು, ಕಡೆಯ ಕರಡು ಮುಗಿಸಿಯೇ ಮಲಗಿದರು ಅಂತ ಹೇಳ್ತಾರೆ. 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು. ಬೈಬಲ್ ಪುಸ್ತಕವಾಗಿ ಹೊರಬಂದದ್ದು 1924ರಲ್ಲಿ, ಆಕೆ ನೋಡಲಿಲ್ಲ.

ಎದ್ದು ನಿಲ್ಲೋಣ. ರಾತ್ರಿ ಪಾಳಿಗೆ ಹೋಗೋರಿಗೆ ಏಳು ಗಂಟೆ ಬಸ್ ಅದ, ಅವರಿಗಾಗಿ ಮೊದಲು ಪ್ರಾರ್ಥನೆ ಮಾಡೋಣ.